ಕಣ್ಣಿನೊಳಗಿನ ಒತ್ತಡ

ಹಳ್ಳಿಯ ಮನೆಯೊಂದರ ಜಗಲಿಯ ಮೇಲೆ ಹಿರಿಯರೊಬ್ಬರು ಕುಳಿತು ವೃತ್ತಪತ್ರಿಕೆಯನ್ನು ಓದುತ್ತಿರುತ್ತಾರೆ. ಸಣ್ಣ ಅಕ್ಷರಗಳೂ ಅವರಿಗೆ ಕಾಣುತ್ತವೆ. ಆದರೆ ಮಗ್ಗುಲಲ್ಲಿಟ್ಟ ನೀರಿನ ಚೊಂಬು ಕೈ ತಾಗಿ ಉರುಳುತ್ತದೆ. ಎದ್ದು ಒಳಗೆ ಹೋಗುವಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತದೆ. “ವಯಸ್ಸಾಯಿತು” ಎಂದು ಮನೆಯವರು ಸುಮ್ಮನಾಗುತ್ತಾರೆ. “ಪೊರೆ ಬಂದಿರಬೇಕು, ಬಲಿಯಲಿ, ಆಮೇಲೆ ತೆಗೆಸಿದರಾಯಿತು” ಎಂದು ನೆರೆಯವರು ಸಮಾಧಾನ ಹೇಳುತ್ತಾರೆ.

ಜನರು ಹೀಗೆ ನಂಬಿರುವುದಕ್ಕೆ ಆಧಾರವಿಲ್ಲದಿಲ್ಲ. ಪೊರೆಯಿಂದ ಮಂಜಾದ ಕಣ್ಣು ಶಸ್ತ್ರಚಿಕಿತ್ಸೆಯಿಂದ ಮತ್ತೆ ತಿಳಿಯಾಗುತ್ತದೆ. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ಶಿಬಿರಗಳಲ್ಲಿ ಎಷ್ಟೋ ಮಂದಿ ಕಳೆದ ದೃಷ್ಟಿಯನ್ನು ಮರಳಿ ಪಡೆದುದನ್ನು ನಾಡಿನ ಜನ ಕಣ್ಣಾರೆ ಕಂಡಿದ್ದಾರೆ. ಆದರೆ ಈ ಹಿರಿಯರಿಗೆ ಬಂದಿರುವುದು ಪೊರೆಯಲ್ಲ, ಗ್ಲಾಕೋಮಾ. ಇದರಿಂದ ಹೋದ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಹಿಂದಕ್ಕೆ ತರಲಾರದು. ಈ ಎರಡನ್ನು ಒಂದೆಂದು ಬಗೆಯುವುದು ನಮ್ಮವರ ತಪ್ಪು ಮಾತ್ರವಲ್ಲ. ‘ಗ್ಲಾಕೋಮಾ’ ಎಂಬುದು ನಸುನೀಲಿ ಅಥವಾ ಬೂದುಹಸಿರು ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಬಂದುದು. ಆ ಹೆಸರನ್ನಿಟ್ಟ ಪ್ರಾಚೀನ ಗ್ರೀಕರೂ ಇವೆರಡನ್ನು ಸ್ಪಷ್ಟವಾಗಿ ಬೇರ್ಪಡಿಸಿರಲಿಲ್ಲ.

ಗ್ಲಾಕೋಮಾ ಏಕೆ ಬರುತ್ತದೆಂಬುದನ್ನು ತಿಳಿಯಬೇಕಾದರೆ ಕಣ್ಣಿನ ಒಳಗೆ ಹರಿಯುವ ಒಂದು ರಸದ ವಿಚಾರವನ್ನು ಅರಿಯಬೇಕು. ಇದು ಕಣ್ಣೀರಲ್ಲ; ಕಣ್ಣೀರು ಹರಿಯುವುದು ಕಣ್ಣಿನ ಹೊರಗೆ. ಐರಿಸ್ ಎಂಬ ಬಣ್ಣದ ತೆರೆಯ ಹಿಂದೆ ಜಲರಸವೆಂಬ ತಿಳಿಯಾದ ದ್ರವವೊಂದು ಸದಾ ಸ್ರವಿಸುತ್ತಿರುತ್ತದೆ. ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರಿನಷ್ಟು, ಎಂದರೆ ಹಗಲಿರುಳು ಸೇರಿದರೂ ಒಂದು ಟೀ ಚಮಚ ತುಂಬದಷ್ಟು. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು, ಐರಿಸ್ ಮತ್ತು ಕಾರ್ನಿಯಾ ಎಂಬ ಪಾರದರ್ಶಕ ಪಟಲ ಕೂಡುವ ಮೂಲೆಯಲ್ಲಿ, ಜರಡಿಯಂಥ ಸೂಕ್ಷ್ಮವಾದ ಬಲೆಯೊಂದರ ಮೂಲಕ ಸೋಸಿ ರಕ್ತಕ್ಕೆ ಸೇರುತ್ತದೆ. ಒಳಬರುವುದಕ್ಕೂ ಹೊರಹೋಗುವುದಕ್ಕೂ ಸಮತೂಕವಿದ್ದರೆ ಕಣ್ಣಿನ ಒತ್ತಡವು ಸಾಮಾನ್ಯವಾಗಿ ಪಾದರಸದ 10 ರಿಂದ 21 ಮಿಲಿಮೀಟರುಗಳ ನಡುವೆ ನಿಲ್ಲುತ್ತದೆ.

ಕೆರೆಯೊಂದನ್ನು ಊಹಿಸಿಕೊಳ್ಳಬಹುದು. ಹಳ್ಳದ ನೀರು ಬರುತ್ತಲೇ ಇದೆ. ಕೋಡಿ ಹೂಳಿನಿಂದ ಮುಚ್ಚಿದೆ. ನೀರಿನ ಭಾರವೆಲ್ಲ ಏರಿಯ ಮೇಲೆ ಬೀಳುತ್ತದೆ. ಏರಿ ಎಲ್ಲಿ ದುರ್ಬಲವೋ ಅಲ್ಲಿ ಮೊದಲು ಕುಸಿಯುತ್ತದೆ. ಕಣ್ಣಿನ ಗೋಡೆಯಲ್ಲಿ ಅಂಥ ದುರ್ಬಲ ಸ್ಥಳವೆಂದರೆ ದೃಷ್ಟಿನರವು ಹೊರಗೆ ಹೊರಡುವ ಹಿಂಬದಿಯ ಜಾಗ. ಹತ್ತು ಲಕ್ಷಕ್ಕೂ ಮಿಕ್ಕಿದ ನರತಂತುಗಳು ಅಲ್ಲಿಂದಲೇ ಮಿದುಳಿಗೆ ಸಾಗುತ್ತವೆ. ಒತ್ತಡ ಹೆಚ್ಚಿದಾಗ ಅವು ಒಂದೊಂದಾಗಿ ಸೊರಗುತ್ತವೆ. ಸತ್ತ ತಂತು ಮತ್ತೆ ಚಿಗುರದು.

ಕೋಡಿ ಮುಚ್ಚುವ ಬಗೆ ಎರಡು. ಮೊದಲನೆಯದರಲ್ಲಿ ಮೂಲೆ ತೆರೆದೇ ಇರುತ್ತದೆ, ಸೋಸುವ ಬಲೆ ಮಾತ್ರ ವರ್ಷಗಳ ಮೇಲೆ ಕಟ್ಟಿಕೊಳ್ಳುತ್ತ ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಪತ್ರಿಕೆ ಓದಬಲ್ಲ ಹಿರಿಯರಿಗೆ ಮಗ್ಗುಲ ಚೊಂಬು ಕಾಣದಿರಲು ಇದೇ ಕಾರಣ. ಎರಡನೆಯದರಲ್ಲಿ ಐರಿಸ್ ಮುಂದಕ್ಕೆ ಬಾಗಿ ಆ ಮೂಲೆಯನ್ನೇ ಮುಚ್ಚುತ್ತದೆ. ಇದೂ ಹಲವರಲ್ಲಿ ಮೌನವಾಗಿಯೇ ನಡೆಯುತ್ತದೆ. ಒಮ್ಮೆಗೇ ಮುಚ್ಚಿದರೆ ಮಾತ್ರ ತಡೆಯಲಾರದ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಇವು ಕಾಣಿಸಿಕೊಳ್ಳುತ್ತವೆ. ಪಿತ್ತವೆಂದೋ ತಲೆನೋವೆಂದೋ ಮನೆಮದ್ದು ಮಾಡುತ್ತ ಕುಳಿತರೆ ಕೆಲವೇ ದಿನಗಳಲ್ಲಿ ಕಣ್ಣು ಹೋದೀತು. ಇಂಥ ಕಣ್ಣನ್ನು ಐರಿಸ್ಸಿನ ಒಂದು ತುಣುಕನ್ನು ಕತ್ತರಿಸಿ ಉಳಿಸಬಹುದೆಂದು 1857ರಲ್ಲಿ ತೋರಿಸಿಕೊಟ್ಟವನು ಬರ್ಲಿನ್ನಿನ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರಾಫೆ. ಇಂದು ಆ ಕೆಲಸವನ್ನು ಬಹುಮಟ್ಟಿಗೆ ಲೇಸರ್ ಕಿರಣ ಮಾಡುತ್ತದೆ.

ಒತ್ತಡವೇ ಎಲ್ಲಕ್ಕೂ ಕಾರಣವೆಂದರೆ ಮಾತು ಪೂರ್ಣವಾಗದು. ಒತ್ತಡ 21ನ್ನು ಮೀರಿದ್ದರೂ ನರ ಕೆಡದ ಜನರಿದ್ದಾರೆ. ಎಂದೂ ಮೀರದಿದ್ದರೂ ನರ ಸೊರಗುವವರೂ ಇದ್ದಾರೆ. ನರಕ್ಕೆ ಒದಗುವ ರಕ್ತದ ಪ್ರಮಾಣ, ಹುಟ್ಟಿನಿಂದ ಬಂದ ಅದರ ಬಲಾಬಲ ಇವೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಒತ್ತಡವನ್ನು ಅಳೆದ ಮಾತ್ರಕ್ಕೆ ಪರೀಕ್ಷೆ ಮುಗಿಯದು. ವೈದ್ಯರು ನರವನ್ನು ಕಂಡು, ನೋಟದ ಹರವನ್ನೂ ಅಳೆಯಬೇಕು.

ಹಾಗಾದರೆ ಯಾರಿಗೆ ಅಪಾಯ ಹೆಚ್ಚು? ನಲವತ್ತು ದಾಟಿದವರಿಗೆ, ಸಮೀಪದೃಷ್ಟಿ ಬಹಳವಾಗಿರುವವರಿಗೆ, ಮಧುಮೇಹಿಗಳಿಗೆ ಎಂದು ಸಾಮಾನ್ಯವಾಗಿ ಹೇಳಬಹುದು. ಮೂಲೆ ಮುಚ್ಚುವ ಬಗೆಯು ದೂರದೃಷ್ಟಿಯ ಚಿಕ್ಕ ಕಣ್ಣುಗಳಲ್ಲಿಯೂ ಹೆಂಗಸರಲ್ಲಿಯೂ ಏಷ್ಯದ ಜನರಲ್ಲಿಯೂ ಹೆಚ್ಚು. ಬಲಿಯಲೆಂದು ಬಿಟ್ಟ ಪೊರೆಯೂ ಊದಿಕೊಂಡು ಅಥವಾ ಸೋರಿ ಗ್ಲಾಕೋಮಾವನ್ನು ತರಬಲ್ಲುದು. ನೆರೆಯವರ ಸಮಾಧಾನದ ಮಾತು ಎರಡು ಬಗೆಯಲ್ಲಿ ಹಾನಿಕರ.

ಈ ರೋಗ ಮುದುಕರದೆಂದು ಎಳೆಯರು ನಿಶ್ಚಿಂತರಾಗುವಂತಿಲ್ಲ. ಚಿನ್ನಿದಾಂಡಿನ ಚಿನ್ನಿಯೋ ಕ್ರಿಕೆಟ್ ಚೆಂಡೋ ಕಣ್ಣಿಗೆ ಬಡಿದಾಗ ಒಳಗಿನ ಮೂಲೆ ಹರಿಯಬಹುದು. ಬಾವು ಇಳಿದ ಮೇಲೆ ಪೆಟ್ಟು ಮರೆತುಹೋಗುತ್ತದೆ. ಒತ್ತಡ ಏರುವುದು ಎಷ್ಟೋ ವರ್ಷಗಳ ಅನಂತರ. ಬೇಸಗೆಯಲ್ಲಿ ಕಣ್ಣು ತುರಿಸಿ ಕೆಂಪಾಗುವ ಮಕ್ಕಳ ಕಥೆ ಇನ್ನೂ ದಾರುಣ. ಒಮ್ಮೆ ವೈದ್ಯರು ಕೊಟ್ಟ ಸ್ಟಿರಾಯ್ಡ್ ಹನಿಯಿಂದ ತುರಿಕೆ ಥಟ್ಟನೆ ನಿಲ್ಲುತ್ತದೆ. ಮರುವರ್ಷ ಅದೇ ಸೀಸೆಯನ್ನು ತೋರಿಸಿ ಔಷಧಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕುತ್ತಾರೆ. ಕೆಲವರ ಕಣ್ಣುಗಳಲ್ಲಿ ಕೆಲವೇ ವಾರಗಳಲ್ಲಿ ಈ ಹನಿ ಒತ್ತಡವನ್ನು ಏರಿಸುತ್ತದೆ. ಕಣ್ಣು ಬಿಳುಪಾಗಿ, ಸೊಗಸಾಗಿ ಕಾಣುತ್ತಿರುವಾಗಲೇ ಒಳಗೆ ನರ ಸಾಯುತ್ತಿರುತ್ತದೆ.

ಹಸುಗೂಸುಗಳಲ್ಲಿಯೂ ಇದುಂಟು. ಶಿಶುವಿನ ಕಣ್ಣು ಮೃದುವಾದುದರಿಂದ ಒತ್ತಡಕ್ಕೆ ಹಿಗ್ಗುತ್ತದೆ. “ಎಷ್ಟು ದೊಡ್ಡ ಕಣ್ಣು ಮಗುವಿಗೆ!” ಎಂದು ಬಂದವರೆಲ್ಲ ಮೆಚ್ಚುತ್ತಾರೆ. ಆದರೆ ಆ ಮಗು ಬೆಳಕಿಗೆ ಮುಖ ತಿರುವುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಕುಟುಂಬಗಳಲ್ಲಿ ಇದು ಹೆಚ್ಚು, ಏಕೆಂದರೆ ಒಂದೇ ದೋಷವನ್ನು ಹೊತ್ತ ಇಬ್ಬರು ತಂದೆತಾಯಿಗಳಾಗುವ ಸಂಭವ ಅಲ್ಲಿ ಅಧಿಕ.

ದಕ್ಷಿಣ ಭಾರತದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಗಳಲ್ಲಿ, ಗ್ಲಾಕೋಮಾ ಕಂಡುಬಂದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗಾದರೂ ಅದಿರುವ ಸಂಗತಿಯೇ ತಿಳಿದಿರಲಿಲ್ಲ. ತಿಳಿದವರಲ್ಲಿಯೂ ಚಿಕಿತ್ಸೆಯನ್ನು ನಡುವೆ ಬಿಡುವವರು ಬಹಳ. ಅದನ್ನು ಅಜ್ಞಾನವೆಂದು ಜರೆಯುವುದು ಸುಲಭ. ದಿನವೂ ಹನಿ ಹಾಕಬೇಕು, ಬದುಕಿರುವವರೆಗೂ ಹಾಕಬೇಕು. ಹಾಕಿದುದರಿಂದ ನೋಟ ಹೆಚ್ಚದು, ಇರುವುದು ಉಳಿಯುತ್ತದೆ, ಅಷ್ಟೆ. ಕಣ್ಣಿಗೆ ಕಾಣದ ಲಾಭಕ್ಕಾಗಿ ಕೂಲಿಯ ಹಣವನ್ನು ತಿಂಗಳು ತಿಂಗಳು ವೆಚ್ಚಮಾಡುವುದು ಬಡವರಿಗೆ ಸುಲಭವಲ್ಲ.

ಜಗಲಿಯ ಹಿರಿಯರನ್ನು ಕೊನೆಗೆ ಮಕ್ಕಳು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವೈದ್ಯರು ಪರೀಕ್ಷಿಸಿ, ಹನಿಯ ಹೆಸರನ್ನು ಬರೆದುಕೊಟ್ಟು, “ಒಡಹುಟ್ಟಿದವರು ಎಷ್ಟು ಮಂದಿ?” ಎಂದು ಕೇಳುತ್ತಾರೆ. ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹಲವು ಪಟ್ಟು ಹೆಚ್ಚು. ಊರಿನಲ್ಲಿ ತಮ್ಮನಿದ್ದಾನೆ, ತಂಗಿ ಇದ್ದಾಳೆ; ಇಬ್ಬರಿಗೂ ಕಣ್ಣು ಚೆನ್ನಾಗಿಯೇ ಕಾಣುತ್ತದೆಂದು ಹಿರಿಯರು ಹೇಳುತ್ತಾರೆ. ಬರುವ ವಾರ ಅವರನ್ನೂ ಕರೆತನ್ನಿರೆಂದು ವೈದ್ಯರು ತಿಳಿಸುತ್ತಾರೆ.