ಪಿಗ್ಮಿ ಕಟ್ಟಿದ್ದು ಸರಿ, ಪಾಸ್‌ಬುಕ್ ನೋಡಿದಿರಾ?

ಹಾಸನದ ಬಸ್‌ಸ್ಟ್ಯಾಂಡ್ ಸುತ್ತಮುತ್ತಲ ಅಂಗಡಿಗಳಿಗೆ ಸಂಜೆ ವ್ಯಾಪಾರದ ಹೊತ್ತಿನಲ್ಲೇ ಇಬ್ಬರು ಬರುತ್ತಾರೆ. ಒಬ್ಬ ಪಿಗ್ಮಿಯವನು, ಇನ್ನೊಬ್ಬ ಡೈಲಿ ಫೈನಾನ್ಸಿನವನು. ಇಬ್ಬರ ಕಂಕುಳಲ್ಲೂ ಚೀಲ, ಇಬ್ಬರ ಬಾಯಲ್ಲೂ ಅದೇ ನೂರು ರೂಪಾಯಿ. ಗಿರಾಕಿ ಕಾಯುತ್ತಿರುತ್ತಾನೆ, ಅಂಗಡಿಯಾತ ಗಲ್ಲಾ ಎಳೆದು ಇಬ್ಬರಿಗೂ ಒಂದೊಂದು ನೋಟು ಕೊಟ್ಟು, "ಬರಕೊಂಡು ಹೊರಡಿ ಸ್ವಾಮಿ" ಎನ್ನುತ್ತಾನೆ. ಒಂದು ನೂರು ಅವನ ಹೆಸರಲ್ಲೇ ಕೂತಿತು. ಇನ್ನೊಂದು ಮನೆ ಬಿಟ್ಟು ಹೋಯಿತು. ಗಲ್ಲಾಕ್ಕೆ ಮಾತ್ರ ಎರಡೂ ಒಂದೇ ತರಹ ಕಾಣುತ್ತವೆ.

ಡೈಲಿ ಫೈನಾನ್ಸಿನ ಲೆಕ್ಕ ಕೇಳಲು ಸಲೀಸು. 10,000 ರೂಪಾಯಿ ಸಾಲ ಎಂದು ಬರೆದುಕೊಂಡು, 1,000 ಮುರಿದು, ಕೈಗೆ 9,000 ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. "ಹತ್ತಕ್ಕೆ ಒಂದು ತಾನೆ, ಅದೇನು ಮಹಾ?" ಎಂಬುದು ಸಾಲಗಾರನ ಸಮಾಧಾನ. ಆದರೆ ಮಾರನೆಯ ದಿನದಿಂದಲೇ ಅಸಲು ಕರಗುತ್ತ ಬರುತ್ತದೆ. ನೂರು ದಿನದ ಸರಾಸರಿ ತೆಗೆದರೆ ಆತನ ಬಳಿ ಇದ್ದದ್ದು ನಾಲ್ಕೂವರೆ ಸಾವಿರದ ಆಜುಬಾಜು. ಅಷ್ಟಕ್ಕೆ 1,000 ಬಡ್ಡಿ! ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 75ರ ಮೇಲಾಯಿತು. ಬ್ಯಾಂಕಿನಲ್ಲಿ ಒಡವೆ ಇಡಲು ನಾಚಿಕೆ ಪಡುವವರು ಇದಕ್ಕೆ ನಾಚಿಕೆ ಪಡುವುದಿಲ್ಲ, ಯಾಕೆಂದರೆ ಇದು ಅಂಗಡಿ ಬಾಗಿಲಿಗೇ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. (ಬೀದಿಯವರಿಗೆಲ್ಲ ಗೊತ್ತಿರುತ್ತದೆ, ಆ ಮಾತು ಬೇರೆ.) ಕಂತು ತಪ್ಪಿದಾಗ ಮನೆ ಮುಂದೆ ಕೂತು ಗಲಾಟೆ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಕಿರುಕುಳವಾದರೆ ಠಾಣೆಗೆ ಹೋಗಬಹುದು. ಬಡ್ಡಿಯ ಲೆಕ್ಕವನ್ನು ಮಾತ್ರ ಸಾಲ ತೆಗೆಯುವ ಮೊದಲೇ ಹಾಕಬೇಕು.

ಪಿಗ್ಮಿ ನಮ್ಮ ನಾಡಿನದೇ ಹುಟ್ಟು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು ಅದೇ. ಆ ಬ್ಯಾಂಕಿನವರು 1928ರಲ್ಲಿ ಮನೆಮನೆಗೆ ಆಳು ಕಳಿಸಿ ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳತೊಡಗಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಬಳಿಗೆ ಬ್ಯಾಂಕೇ ಹೋದ ಹಾಗಾಯಿತು. ದಿನಾ 100 ಕಟ್ಟಿದರೆ ವರ್ಷಕ್ಕೆ 36,500. ಬಡ್ಡಿ ಅಲ್ಪ, ಅವಧಿಗೆ ಮುಂಚೆ ಮುರಿದರೆ ಅದೂ ಹೋಗುತ್ತದೆ. ಆದರೆ ಬಡ್ಡಿಗಾಗಿ ಪಿಗ್ಮಿ ಕಟ್ಟುವವರು ಯಾರು? ಹಬ್ಬದ ಮುಂಚೆ ಸರಕು ತುಂಬಲು ಯಾರ ಮುಂದೆಯೂ ಕೈ ಚಾಚದಂತೆ ಒಂದು ಗಂಟು ಸಿಕ್ಕುತ್ತದಲ್ಲ, ಅದಕ್ಕಾಗಿ.

ತೊಂದರೆ ಇರುವುದು ನಂಬಿಕೆಯಲ್ಲಿ. "ನಮ್ಮ ಹುಡುಗ, ಹತ್ತು ವರ್ಷದಿಂದ ಬರ್ತಾನೆ" ಎಂದು ಪಾಸ್‌ಬುಕ್ ಅನ್ನೇ ಅವನ ಚೀಲದಲ್ಲಿ ಬಿಡುವ ಅಂಗಡಿಯವರುಂಟು. ಹುಡುಗ ಒಳ್ಳೆಯವನೇ ಇರಬಹುದು. ಬಿಸಿಲು ಮಳೆ ಎನ್ನದೆ ಅಲೆಯುವ ಈ ಸಂಗ್ರಾಹಕರನ್ನು ಕಾರ್ಮಿಕರೆಂದು ಒಪ್ಪಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 2001ರಲ್ಲಿ. ಆದರೂ ದುಡ್ಡು ಕೊಟ್ಟ ಗಳಿಗೆಯಲ್ಲೇ ಚೀಟಿ ಕೇಳಬೇಕು, ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಜಮಾ ನೋಡಬೇಕು. ಪ್ರಾಮಾಣಿಕನಾದವನು ಇದಕ್ಕೆ ಬೇಸರಿಸುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆ ಉಂಟು. ಪತ್ತಿನ ಸಹಕಾರ ಸಂಘಕ್ಕೆ ಈ ವಿಮೆ ಇಲ್ಲ. ಬೋರ್ಡು ಎಷ್ಟೇ ದೊಡ್ಡದಿರಲಿ, ಒಳಗೆ ಎ.ಸಿ. ಇರಲಿ, ಸಂಘ ಸಂಘವೇ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ವಯಸ್ಸಾದವರು ಬೀದಿಯಲ್ಲಿ ನಿಂತು ಅತ್ತರು. ಅದು ಬ್ಯಾಂಕ್ ಆಗಿದ್ದರಿಂದ ಮುಂದೆ ವಿಮೆಯ ಹಣವಾದರೂ ಬಂತು. ಸಂಘದಲ್ಲಿ ದುಡ್ಡು ಇಡಲೇಬಾರದೆಂದಲ್ಲ. ಎಲ್ಲವನ್ನೂ ಅಲ್ಲೇ ಇಡುವುದು ತರವಲ್ಲ.

ಅರಕಲಗೂಡಿನ ಕಡೆ ಚಿಲ್ಲರೆ ಅಂಗಡಿ ನಡೆಸುವವರ ಪಾಡು ಬೇರೆ. "ಸೊಪ್ಪು ಹರಾಜಾಗಲಿ, ಕೊಡ್ತೀನಿ, ಬರ್ಕೊಳಿ ಅಣ್ಣ" ಎಂಬುದು ಅಲ್ಲಿನ ಮಾತು. ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವವರೆಗೆ ಸಾಲದ ಪುಸ್ತಕ ದಪ್ಪವಾಗುತ್ತದೆ, ಗಲ್ಲಾ ತೆಳ್ಳಗಾಗುತ್ತದೆ. ಚನ್ನರಾಯಪಟ್ಟಣದಲ್ಲಿ ಇದೇ ಮಾತು ಕೊಬ್ಬರಿಯ ಧಾರಣೆ ಮೇಲೆ ನಿಂತಿದೆ. ಇಂಥ ಕಡೆ ದಿನಾ ಒಂದೇ ಮೊತ್ತ ಕಟ್ಟುತ್ತೇನೆಂದು ಒಪ್ಪಿಕೊಂಡು, ಬಾಕಿ ಬಾರದ ತಿಂಗಳಲ್ಲಿ ಪಿಗ್ಮಿ ಕಟ್ಟಲು ಫೈನಾನ್ಸಿನಿಂದ ಸಾಲ ತೆಗೆಯುವವರೂ ಇದ್ದಾರೆ. ಹಾಗೆ ಮಾಡುವ ಬದಲು ಹರಾಜಿನ ತಿಂಗಳಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಕಟ್ಟುವುದು ವಾಸಿ. ಮನೆ ಖರ್ಚಿಗೆ ವಾರಕ್ಕೊಮ್ಮೆ ಇಷ್ಟೆಂದು ಎತ್ತಿ, ಅದನ್ನೂ ಅಂಗಡಿ ಪುಸ್ತಕದಲ್ಲೇ ಬರೆದರೆ, ಲಾಭ ಎಲ್ಲಿ ಹೋಯಿತೆಂದು ಹೆಂಡತಿ ಮಕ್ಕಳ ಮೇಲೆ ರೇಗುವುದು ತಪ್ಪುತ್ತದೆ.

ಇನ್ನು ಬೆಳಗಿನ ಬಸ್ಸಿನಲ್ಲಿ ಹೊಳೆನರಸೀಪುರ, ಅರಕಲಗೂಡುಗಳಿಂದ ಹಾಸನಕ್ಕೆ ಬರುವ ಕಾರ್ಖಾನೆ ನೌಕರರು. ಇವರ ಪಿಗ್ಮಿ ಎಂದರೆ ಪಿ.ಎಫ್. ಮೂಲ ಸಂಬಳ 12,000 ಇದ್ದರೆ ನೌಕರನಿಂದ 1,440, ಮಾಲೀಕನಿಂದ 1,440. ಮಾಲೀಕನ ಪಾಲಿನಲ್ಲಿ ಸುಮಾರು 1,000 ಪಿಂಚಣಿಗೆ ಹೋಗುತ್ತದೆ. 2024-25ರ ಬಡ್ಡಿ ನೂರಕ್ಕೆ 8.25. ಕೆಲಸ ಬದಲಾದಾಗ ಇದನ್ನು ಕಿತ್ತು ಮೊಬೈಲೋ ಬೈಕಿನ ಮುಂಗಡವೋ ಮಾಡಿಕೊಳ್ಳುವುದು ರೂಢಿ. ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಪಿಂಚಣಿಯ ಹಣವನ್ನೂ ಎತ್ತಿಬಿಟ್ಟರೆ ಹಳೆಯ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ಎಲ್ಲಿ ಕೆಲಸ ಮಾಡಿದರೂ ಒಂದೇ ನಂಬರು ಇರಲೆಂದು 2014ರಲ್ಲೇ ಯು.ಎ.ಎನ್. ಬಂದಿದೆ, ಹೊಸ ಕಡೆ ಆ ನಂಬರು ಕೊಟ್ಟು ಹಳೆಯ ಹಣ ವರ್ಗಾಯಿಸಿಕೊಂಡರೆ ಸೇವೆ ಮುಂದುವರಿಯುತ್ತದೆ.

ಸಂಬಳ ಏರುವ ದಾರಿಯೂ ಲೆಕ್ಕದ ಪುಸ್ತಕದ ಪಕ್ಕದಲ್ಲೇ ಇದೆ. ಮೂಟೆ ಎತ್ತಿಡುವ ಹುಡುಗ ಸರಕಿನ ಲೆಕ್ಕ ಬರೆಯಲು, ಕಂಪ್ಯೂಟರಿನಲ್ಲಿ ಜಿ.ಎಸ್.ಟಿ. ಬಿಲ್ಲು ಹಾಕಲು ಕಲಿತನೆಂದರೆ ಸಾಹುಕಾರ ಅವನನ್ನು ಸುಲಭವಾಗಿ ಬಿಡುವುದಿಲ್ಲ. ಬಿಟ್ಟರೂ ಎದುರು ಅಂಗಡಿಯವನು ಕರೆಯುತ್ತಾನೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯುತ್ತಿದೆ. ಅದು ಎಲ್ಲಿ ಹೋಗುತ್ತಿದೆ ಎಂದು ಅರಕಲಗೂಡು ಬಸ್ಸಿನಲ್ಲಿ ಕೇಳಿದರೆ ನಗುತ್ತಾರೆ. ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಗೆ ತಿಂಗಳಿಗೆ 100 ರೂಪಾಯಿ ಇದ್ದರೂ ಸಾಕು. ಹೋಗುವಾಗ ಆಧಾರ್, ಪಾನ್, ಎರಡು ಫೋಟೋ ಇರಲಿ, ವಾರಸುದಾರರ ಹೆಸರು ಬರೆಸುವುದನ್ನು ಮರೆಯಬೇಡಿ.