ಫ್ಲೋರೈಟ್: ಗುಣ, ಉಪಯೋಗ ಮತ್ತು ಬಾವಿಯ ನೀರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಕಂಡುಬಂದಿದೆ. ಇಲ್ಲಿ ಫ್ಲೋರೈಟ್ ಗಣಿಗಳಿಲ್ಲ. ಆದರೂ ನೀರಿನಲ್ಲಿ ಫ್ಲೋರೈಡ್ ಎಷ್ಟರವರೆಗೆ ಏರಬಹುದು ಎಂಬುದನ್ನು ತಿಳಿಯಲು ಈ ಖನಿಜದ ಪರಿಚಯ ಅಗತ್ಯ.

ಖನಿಜದ ಗುಣಗಳು

ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್. ಇದರ ಹರಳುಗಳು ಸಾಮಾನ್ಯವಾಗಿ ಘನಾಕೃತಿಯವು. ಸೀಳಿದರೆ ಅಷ್ಟಮುಖಿ ಚೂರುಗಳು ದೊರೆಯುತ್ತವೆ. ಮೋಹ್ಸ್ ಮಾನದಲ್ಲಿ ಕಾಠಿಣ್ಯ 4, ಸಾಪೇಕ್ಷ ಸಾಂದ್ರತೆ 3.18. ಶುದ್ಧ ಹರಳಿಗೆ ಬಣ್ಣವಿಲ್ಲ. ನೇರಳೆ, ಹಸಿರು, ಹಳದಿ ಛಾಯೆಗಳಿಗೆ ಬೆರಕೆ ಅಯಾನುಗಳು ಮತ್ತು ಹರಳಿನ ಜಾಲಕದ ದೋಷಗಳು ಕಾರಣ. ಅತಿನೇರಳೆ ಕಿರಣ ಬಿದ್ದಾಗ ಕೆಲವು ಹರಳುಗಳು ನೀಲಿಯಾಗಿ ಹೊಳೆಯುತ್ತವೆ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಈ ವಿದ್ಯಮಾನಕ್ಕೆ ಖನಿಜದ ಹೆಸರಿನಿಂದಲೇ 'ಫ್ಲೋರೆಸೆನ್ಸ್' ಎಂಬ ಪದವನ್ನು ರೂಪಿಸಿದರು.

ಉಪಯೋಗಗಳು

'ಹರಿ' ಎಂಬರ್ಥದ ಲ್ಯಾಟಿನ್ ಪದದಿಂದ ಫ್ಲೋರೈಟ್ ಎಂಬ ಹೆಸರು ಬಂದಿದೆ. ಉಕ್ಕಿನ ಕುಲುಮೆಯಲ್ಲಿ ಇದನ್ನು ಸೇರಿಸಿದರೆ ಕಿಟ್ಟ ತೆಳುವಾಗಿ ಸುಲಭವಾಗಿ ಹರಿಯುತ್ತದೆ. ಗಂಧಕಾಮ್ಲದೊಡನೆ ಕಾಯಿಸಿದಾಗ ಹೈಡ್ರೋಫ್ಲೋರಿಕ್ ಆಮ್ಲ ಸಿಗುತ್ತದೆ. ಶೈತ್ಯಕಾರಿಗಳು ಮತ್ತು ಟೆಫ್ಲಾನ್‌ನ ತಯಾರಿಕೆಗೆ ಇದೇ ಮೂಲ. ಫ್ಲೋರೈಟ್‌ನ ವಕ್ರೀಭವನಾಂಕ 1.434. ಬೆಳಕನ್ನು ಬಣ್ಣಗಳಾಗಿ ಚದುರಿಸುವ ಗುಣ ಕಡಿಮೆ ಇರುವುದರಿಂದ ಉತ್ತಮ ಸೂಕ್ಷ್ಮದರ್ಶಕ ಮತ್ತು ದೂರದರ್ಶಕಗಳ ಮಸೂರಗಳಿಗೆ ಇದು ಒಪ್ಪುತ್ತದೆ. ಭಾರತದಲ್ಲಿ ಗುಜರಾತಿನ ಅಂಬಾ ಡೋಂಗರ್ ಇದರ ಪ್ರಮುಖ ನಿಕ್ಷೇಪ.

ಕರಗುವಿಕೆಯ ಲೆಕ್ಕ

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 16 ಮಿಲಿಗ್ರಾಂ ಫ್ಲೋರೈಟ್ ಮಾತ್ರ ಕರಗುತ್ತದೆ. ಇದರಲ್ಲಿ ಫ್ಲೋರೈಡ್‌ನ ಪಾಲು ಸುಮಾರು 8 ಮಿಲಿಗ್ರಾಂ. ಸಂತೃಪ್ತ ದ್ರಾವಣದಲ್ಲಿ ಕ್ಯಾಲ್ಸಿಯಂ ಸಾರತೆಯನ್ನು ಫ್ಲೋರೈಡ್ ಸಾರತೆಯ ವರ್ಗದಿಂದ ಗುಣಿಸಿದರೆ ಬರುವ ಬೆಲೆ ಸ್ಥಿರ. ಆದ್ದರಿಂದ ಕ್ಯಾಲ್ಸಿಯಂ ಕಾಲು ಭಾಗಕ್ಕಿಳಿದರೆ ಫ್ಲೋರೈಡ್ ಎರಡರಷ್ಟಾಗಬಹುದು. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್‌ನ ಮೇಲ್ಮಿತಿ ಸುಮಾರು 3.7 ಮಿಲಿಗ್ರಾಂ, ಕ್ಯಾಲ್ಸಿಯಂ 10 ಮಿಲಿಗ್ರಾಂ ಇದ್ದರೆ ಸುಮಾರು 7.5. ಇತರ ಲವಣಗಳಿದ್ದಾಗ ಈ ಅಂಕಿಗಳು ತುಸು ಬದಲಾಗುತ್ತವೆ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಬಹುಭಾಗ ಬಸಾಲ್ಟ್ ಶಿಲೆಯ ನೆಲ; ಮುದ್ದೇಬಿಹಾಳದಲ್ಲಿ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆಗಳೂ ಇವೆ. ಇಂಥ ಶಿಲೆಗಳಲ್ಲಿರುವ ಅಪಟೈಟ್, ಕಪ್ಪು ಅಭ್ರಕ ಮೊದಲಾದ ಖನಿಜಗಳಿಂದಲೂ ಫ್ಲೋರೈಡ್ ನೀರಿಗಿಳಿಯುತ್ತದೆ. ಮೂಲ ಯಾವುದೇ ಆಗಿರಲಿ, ಕರಗುವಿಕೆಯ ಮಿತಿ ಮಾತ್ರ ಫ್ಲೋರೈಟ್‌ನದೇ. ಜೇಡಿಮಣ್ಣು ನೀರಿನ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಟ್ಟುಕೊಟ್ಟರೆ ಈ ಮಿತಿ ಮೇಲೇರುತ್ತದೆ. ಸಾಬೂನು ಚೆನ್ನಾಗಿ ನೊರೆಯುವ, ಬೇಳೆ ಬೇಗ ಬೇಯುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಲು ಇದು ಒಂದು ಕಾರಣ. ಗಡಸು ನೀರಾದರೆ ಸುರಕ್ಷಿತವೆಂದೂ ಹೇಳುವಂತಿಲ್ಲ.

ಏನು ಮಾಡಬೇಕು?

ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5. ಹೆಚ್ಚಾದರೆ, ಹಲ್ಲು ರೂಪುಗೊಳ್ಳುವ ಸುಮಾರು 8 ವರ್ಷದೊಳಗಿನ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಅಧಿಕ ಪ್ರಮಾಣವನ್ನು ದೀರ್ಘಕಾಲ ಸೇವಿಸಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಹೀಗೆ ಕಲೆಯಾದ ಹಲ್ಲು ಉಜ್ಜಿದರೂ ಮೊದಲಿನಂತಾಗದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾರತೆ ಹೆಚ್ಚುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನ, ಸಕ್ರಿಯ ಅಲ್ಯೂಮಿನಾ ಸೋಸುಕ, ವಿಪರ್ಯಯ ಪರಾಸರಣ ಇವು ಪರಿಹಾರಗಳು.

ಫ್ಲೋರೈಡನ್ನು ಕಣ್ಣು, ಮೂಗು, ನಾಲಗೆಗಳಿಂದ ಗುರುತಿಸಲಾಗದು. ಬಣ್ಣ ಬದಲಾವಣೆಯಿಂದ ಪ್ರಮಾಣ ತಿಳಿಸುವ ಪರೀಕ್ಷಾ ಕಿಟ್‌ಗಳು ಲಭ್ಯವಿವೆ. ಶಿಕ್ಷಕರು ವಿದ್ಯಾರ್ಥಿಗಳೊಂದಿಗೆ ಊರಿನ ಪ್ರತಿಯೊಂದು ಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಹೆಚ್ಚು ಕಂಡುಬಂದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಂದು ಬಾವಿಯ ನೀರು ಚೆನ್ನಾಗಿದೆಯೆಂದು ಪಕ್ಕದ ಬಾವಿಯನ್ನು ನಂಬುವಂತಿಲ್ಲ.