ಓಡಿಬಂದವರು ಕಟ್ಟಿದ ಊರು

1645ರ ಮಾರ್ಚ್ ತಿಂಗಳು. ಬ್ರೆಜಿಲಿನ ಈಶಾನ್ಯ ಕರಾವಳಿಯಿಂದ ಹೊರಟ ಡಚ್ ಸೈನಿಕರ ದಂಡೊಂದು ಕಾಡು ಸವರಿ, ಹೊಳೆ ದಾಟಿ, ಗುಡ್ಡ ಹತ್ತಿ, ಒಂದು ನಸುಕಿನಲ್ಲಿ ಆ ಊರಬಾಗಿಲಿಗೆ ಬಂತು. ಎರಡು ಸುತ್ತು ಗೂಟದ ಬೇಲಿ, ಚೂಪು ಕಡ್ಡಿ ನೆಟ್ಟ ಕಂದಕ. ಒಳಗೆ 220 ಮನೆ, ನಡುವೆ ಒಂದು ಇಗರ್ಜಿ, ನಾಲ್ಕು ಕುಲುಮೆ, ಊರವರು ಕೂತು ಮಾತಾಡಲು ಒಂದು ದೊಡ್ಡ ಚಾವಡಿ. ಜನ ಮಾತ್ರ ಬಹುಪಾಲು ಇರಲಿಲ್ಲ. ದಂಡು ಬರುವ ಸುದ್ದಿ ದಂಡಿಗಿಂತ ಮುಂಚೆಯೇ ಬಂದು ಮುಟ್ಟಿತ್ತು. ಹೆಚ್ಚಿನವರು ಕಾಡು ಸೇರಿದ್ದರು. ಸೈನಿಕರು ಕಂಡದ್ದನ್ನು ದಿನಚರಿಯಲ್ಲಿ ಬರೆದುಕೊಂಡರು. ಶತ್ರು ಬರೆದ ಆ ಟಿಪ್ಪಣಿಯಿಂದಲೇ ನಮಗೆ ಆ ಊರಿನ ನಕ್ಷೆ ಗೊತ್ತಾಗಿದೆ.

ಅದು ಪಾಲ್ಮಾರೆಸ್. ಒಂದೇ ಊರಲ್ಲ, ಈಗಿನ ಅಲಗೋವಾಸ್ ರಾಜ್ಯದ ಗುಡ್ಡಗಾಡಿನಲ್ಲಿ ಹರಡಿದ್ದ ಹಲವು ಊರುಗಳ ಕೂಟ. ಪೆರ್ನಾಂಬುಕೊ ಕರಾವಳಿಯ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಆಫ್ರಿಕದ ಗುಲಾಮರು 1600ರ ಆಸುಪಾಸಿನಿಂದ ಅಲ್ಲಿಗೆ ಬಂದು ನೆಲೆನಿಂತರು. ಅವರು ಬಿಟ್ಟು ಬಂದ ಬದುಕು ಎಂಥದ್ದೆಂದು ತಿಳಿಯಬೇಕಾದರೆ ಆ ಕಾಲದ ಗಾಣದಮನೆಯೊಳಗೆ ಒಮ್ಮೆ ಇಣುಕಬೇಕು. ಕಟಾವಿನ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗಣ್ಣಿನಲ್ಲಿ ಕಬ್ಬು ಉಣಿಸುವವರ ಕೈ ಉರುಳೆಗೆ ಸಿಕ್ಕಿಬಿದ್ದರೆ ತೋಳನ್ನೇ ಕತ್ತರಿಸಿ ಬಿಡಿಸಲೆಂದು ಪಕ್ಕದಲ್ಲಿ ಕೊಡಲಿ ಇಟ್ಟಿರುತ್ತಿದ್ದರು. ಕೊಪ್ಪರಿಗೆಯ ಮುಂದೆ ನಿಂತವರು ಮೈ ಸುಟ್ಟುಕೊಂಡು, ವಯಸ್ಸಿಗೆ ಮುಂಚೆ ಸಾಯುತ್ತಿದ್ದರು. ಸತ್ತವರ ಜಾಗಕ್ಕೆ ಹೊಸಬರು ಹಡಗಿನಲ್ಲಿ ಬರುತ್ತಿದ್ದರು. ಮೂರು ಶತಮಾನಗಳಲ್ಲಿ ಹೀಗೆ ಬ್ರೆಜಿಲಿಗೆ ಬಂದಿಳಿದವರು ಸುಮಾರು 48 ಲಕ್ಷ ಜನ. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕದಿಂದ ನೇರವಾಗಿ ಬಂದವರು ಸುಮಾರು ನಾಲ್ಕು ಲಕ್ಷ.

ಓಡಿಹೋದ ಗುಲಾಮರೆಂದರೆ ಗುಹೆಯಲ್ಲಿ ಅಡಗಿ, ರಾತ್ರಿ ಹೊತ್ತು ಕದ್ದು ತಿನ್ನುವವರ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ಪಾಲ್ಮಾರೆಸ್ ಹಾಗಿರಲಿಲ್ಲ. ಅವರು ಬೇಸಾಯಗಾರರು. ವರ್ಷಕ್ಕೆ ಎರಡು ಬೆಳೆ ಮುಸುಕಿನ ಜೋಳ. ಜೊತೆಗೆ ಹುರುಳಿಕಾಯಿ, ಗೆಣಸು, ಬಾಳೆ, ಕಬ್ಬು, ಮರಗೆಣಸು. ಸುತ್ತಲಿನ ತಾಳೆಯ ಜಾತಿಯ ಮರಗಳು ಆ ಊರಿನ ಕಾಮಧೇನು. ಗರಿ ಮಾಡಿಗೆ, ನಾರು ಬಟ್ಟೆಗೆ, ಕಾಯಿ ಎಣ್ಣೆಗೆ, ರಸ ಕಳ್ಳಿಗೆ. ಕುಲುಮೆಗಳಲ್ಲಿ ಗುದ್ದಲಿ, ಕತ್ತಿ, ಬಾಣದ ಮೊನೆ ತಯಾರಾಗುತ್ತಿದ್ದವು. ಹೆಚ್ಚಾದ ಧಾನ್ಯವನ್ನು ಕೆಳಗಿನ ಬಿಳಿಯ ರೈತರಿಗೇ ಗುಟ್ಟಾಗಿ ಕೊಟ್ಟು, ಉಪ್ಪು, ಮದ್ದು, ಕೋವಿ ತರುತ್ತಿದ್ದರು. ಗವರ್ನರನ ಆಜ್ಞೆ ಏನೇ ಇರಲಿ, ಗುಡ್ಡದಂಚಿನ ಬಡ ರೈತನಿಗೆ ಈ ನೆರೆಹೊರೆ ಬೇಕಿತ್ತು.

ಮರಗೆಣಸಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಕಹಿ ಜಾತಿಯಲ್ಲಿ ವಿಷವಿದೆ; ಹಾಗೇ ತಿಂದರೆ ಪ್ರಾಣಕ್ಕೆ ಎರವು. ತುರಿದು, ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಜಗ್ಗಿ ಹಿಂಡಿ, ರಸವೆಲ್ಲ ಬಸಿದ ಮೇಲೆ ಅಗಲವಾದ ಹೆಂಚಿನ ಮೇಲೆ ಹುರಿದರೆ ತಿಂಗಳುಗಟ್ಟಲೆ ಕೆಡದ ಹಿಟ್ಟು. ಈ ವಿದ್ಯೆ ಆಫ್ರಿಕದ್ದಲ್ಲ, ಅಲ್ಲಿನ ಮೂಲನಿವಾಸಿಗಳದ್ದು. ಪಾಲ್ಮಾರೆಸ್‌ನ ರಾಜಧಾನಿ ಇದ್ದ ಸೆರ್ರಾ ದ ಬಾರ್ರಿಗಾ ಬೆಟ್ಟವನ್ನು 1990ರ ದಶಕದಲ್ಲಿ ಅಗೆದ ಪುರಾತತ್ವಜ್ಞರಿಗೆ ಸಿಕ್ಕ ಮಡಕೆ ಚೂರುಗಳಲ್ಲಿ ಮೂಲನಿವಾಸಿಗಳ ಕೈಚಳಕ ಎದ್ದು ಕಾಣುತ್ತಿತ್ತು.

ಇಲ್ಲಿಂದ ಸಾವಿರಾರು ಮೈಲಿ ಉತ್ತರಕ್ಕೆ, ಫ್ಲಾರಿಡಾದ ಮರಳು ನೆಲದಲ್ಲಿ ಕೂಂಟಿ ಎಂಬ ಗಿಡ್ಡ ಗಿಡವಿದೆ. ಅದರ ಗೆಡ್ಡೆಯಲ್ಲೂ ವಿಷ. ಕುಟ್ಟಿ, ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಳಕ್ಕೆ ಕೂತದ್ದನ್ನು ಹುಳಿಬರಿಸಿ ಒಣಗಿಸಿದರೆ ಪಿಷ್ಟ. ಅದನ್ನು ತಿಂದು ಯುದ್ಧದ ವರ್ಷಗಳನ್ನು ದಾಟಿದವರು ಸೆಮಿನೋಲರೆಂಬ ಮೂಲನಿವಾಸಿಗಳು ಮತ್ತು ಅವರ ನೆರೆಯಲ್ಲಿ ಊರು ಕಟ್ಟಿಕೊಂಡ ಕಪ್ಪು ಜನ. ಪಾಲ್ಮಾರೆಸ್‌ನವರೂ ಫ್ಲಾರಿಡಾದವರೂ ಪರಸ್ಪರರನ್ನು ನೋಡಿದವರಲ್ಲ, ಹೆಸರು ಕೇಳಿದವರಲ್ಲ. ಆದರೂ ಪಾಲ್ಮಾರೆಸ್‌ನ ಹೆಂಗಸು, ಫ್ಲಾರಿಡಾದ ಹೆಂಗಸು ಇಬ್ಬರೂ ವಿಷದ ಗೆಡ್ಡೆಯನ್ನು ಊಟವಾಗಿಸುವುದನ್ನು ಕಲಿತ ಮೇಲೆಯೇ ಅವರ ಊರು ನಿಂತದ್ದು. ಸ್ವಾತಂತ್ರ್ಯದ ಚರಿತ್ರೆ ಬರೆಯುವವರು ಕೋವಿ ಕತ್ತಿಗಳಿಗೆ ಕೊಡುವ ಪುಟಗಳನ್ನು ಈ ಅಡುಗೆಮನೆಗೂ ಕೊಡಬೇಕೆಂದು ನನಗೆ ಅನ್ನಿಸುತ್ತದೆ.

ಫ್ಲಾರಿಡಾಕ್ಕೆ ಆ ಕಪ್ಪು ಜನ ಬಂದ ದಾರಿ ಬೇರೆ. ಆಗ ಅದು ಸ್ಪೇನಿನ ಕೈಯಲ್ಲಿತ್ತು. ಇಂಗ್ಲಿಷರ ತೋಟಗಳಿಂದ ಓಡಿಬಂದು ಕ್ಯಾಥೊಲಿಕ್ ಧರ್ಮ ಸ್ವೀಕರಿಸಿದವರಿಗೆ ಬಿಡುಗಡೆ ಕೊಡುವುದಾಗಿ ಸ್ಪೇನಿನ ರಾಜ 1693ರಲ್ಲಿ ಸಾರಿದ. 1738ರಲ್ಲಿ ಸೇಂಟ್ ಆಗಸ್ಟಿನ್ ಬಳಿ ಅವರದೇ ಊರೊಂದು, ಮೋಸೆ ಕೋಟೆ, ಎದ್ದಿತು. ಅದೇ ಶತಮಾನದಲ್ಲಿ ಕ್ರೀಕ್ ಬುಡಕಟ್ಟಿನ ಗುಂಪುಗಳು ಉತ್ತರದಿಂದ ಇಳಿದು ಬಂದು ಸೆಮಿನೋಲರಾದವು. ಜಾರ್ಜಿಯಾ, ಕೆರೊಲಿನಾಗಳ ಭತ್ತದ ಗದ್ದೆಗಳಿಂದ ಓಡಿಬಂದವರು ಈ ಸೆಮಿನೋಲರ ಮಗ್ಗುಲಲ್ಲಿ ಊರು ಹೂಡಿದರು.

ಅಂಥ ಊರುಗಳಲ್ಲಿ ಹೆಸರಾದದ್ದು ಪಿಲಕ್ಲಿಕಾಹ. ಜೌಗು, ಹುಲ್ಲುಗಾವಲುಗಳ ನಡುವೆ ದ್ವೀಪದಂತೆ ಎದ್ದ ಗಟ್ಟಿನೆಲ. ಅಲ್ಲಿ ಜೋಳ, ಭತ್ತ, ಕಡಲೆಕಾಯಿ. ಬೇಲಿಯಾಚೆ ದನ, ಹಂದಿ, ಕುದುರೆ. ಪಾಲ್ಮೆಟೊ ಗರಿ ಹೊದಿಸಿದ ಮನೆಗಳು. ಗಂಡಸರು ಸೆಮಿನೋಲರ ಹಾಗೆಯೇ ತಲೆಗೆ ರುಮಾಲು ಸುತ್ತಿ, ಬಣ್ಣದ ಅಂಗಿ ತೊಟ್ಟು, ಕೈಯಲ್ಲಿ ಕೋವಿ ಹಿಡಿದು ತಿರುಗುತ್ತಿದ್ದರು. ಮನೆಯಲ್ಲಿ ಆಡುವ ನುಡಿ ಕೆರೊಲಿನಾ ಕರಾವಳಿಯ ಕಪ್ಪು ಜನರ ಮಾತಿನ ಕವಲು. ಜೊತೆಗೆ ಸೆಮಿನೋಲರ ನುಡಿ, ಇಂಗ್ಲಿಷು, ಹಲವರಿಗೆ ಸ್ಪ್ಯಾನಿಷೂ ಬರುತ್ತಿತ್ತು. ಈ ನಾಲಿಗೆಯೇ ಅವರ ದೊಡ್ಡ ಆಸ್ತಿ. ಒಮ್ಮೆ ಪೆನ್ಸಕೋಲಾದಲ್ಲಿ ಗುಲಾಮನಾಗಿದ್ದ ಏಬ್ರಹಾಂ ಸೆಮಿನೋಲರ ಮುಖಂಡ ಮಿಕನೋಪಿಯ ಸಲಹೆಗಾರನಾದ. ದುಭಾಷಿಯಾಗಿ ವಾಷಿಂಗ್ಟನ್ನಿಗೂ ಹೋಗಿಬಂದ.

ಎರಡು ಕಡೆಯ ಸಮಾಜವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಪಾಲ್ಮಾರೆಸ್‌ನಲ್ಲಿ ಅವರದೇ ರಾಜ, ಅವರದೇ ದಂಡನೆ, ಅವರದೇ ಸೈನ್ಯ. ಪಿಲಕ್ಲಿಕಾಹದ ಜನ ವರ್ಷಕ್ಕೊಮ್ಮೆ ಬೆಳೆಯ ಒಂದು ಪಾಲನ್ನು ಸೆಮಿನೋಲ್ ಮುಖಂಡನಿಗೆ ಅಳೆದು ಕೊಡಬೇಕಿತ್ತು. ಅಲ್ಲಿ ಕೆಲವರು ಮುಖಂಡರ ಸ್ವತ್ತೆಂದೇ ಎಣಿಕೆಯಾಗುತ್ತಿದ್ದರು. ಆದರೆ ಉಳಿದ ಬೆಳೆ ಅವರದು, ದನ ಅವರದು, ಮನೆ ಅವರದು. ಬೆನ್ನ ಮೇಲೆ ಚಾಟಿ ಹಿಡಿದ ಮೇಸ್ತ್ರಿ ಇರಲಿಲ್ಲ. ಜಾರ್ಜಿಯಾದ ತೋಟದ ಧಣಿಗಳ ನಿದ್ದೆ ಕೆಡಿಸಿದ್ದು ಇದೇ. ಇನ್ನು ಪಾಲ್ಮಾರೆಸ್‌ನಲ್ಲೂ ಎಲ್ಲರೂ ಸಮಾನರಾಗಿರಲಿಲ್ಲ. ತಾನಾಗಿ ಓಡಿಬಂದವನು ಸ್ವತಂತ್ರ. ದಾಳಿಯಲ್ಲಿ ಹಿಡಿದು ತಂದವನು ಇನ್ನೊಬ್ಬನನ್ನು ಕರೆತರುವವರೆಗೆ ಆಳು ಎಂದು ಅಂದಿನ ವರದಿಗಳು ಹೇಳುತ್ತವೆ. ಅದನ್ನು ಮುಚ್ಚಿಟ್ಟು ಪಾಲ್ಮಾರೆಸನ್ನು ಹೊಗಳುವುದು ಆ ಜನರಿಗೆ ಮಾಡುವ ನ್ಯಾಯವಲ್ಲ. ಯುದ್ಧದ ನಡುವೆ ಬದುಕಿದ ಮನುಷ್ಯರು ಅವರು.

ಎರಡೂ ಕಡೆ ಸೈನ್ಯ ಬಂದಾಗ ಮೊದಲು ಬೆಂಕಿ ಬಿದ್ದದ್ದು ಕಣಜಕ್ಕೆ, ಹೊಲಕ್ಕೆ. ಮನೆಯನ್ನು ಮತ್ತೆ ಕಟ್ಟಬಹುದು. ಬಿತ್ತನೆಬೀಜ ಸುಟ್ಟರೆ ಮುಂದಿನ ವರ್ಷವೇ ಸುಟ್ಟಂತೆ. ಬ್ರೆಜಿಲಿನಲ್ಲಿ ಡಚ್ಚರ ನಂತರ ಪೋರ್ಚುಗೀಸರು ದಶಕಗಳ ಕಾಲ ದಂಡಿನ ಮೇಲೆ ದಂಡು ಕಳಿಸಿದರು. 1678ರಲ್ಲಿ ಪಾಲ್ಮಾರೆಸ್‌ನ ರಾಜ ಗಾಂಗಾ ಜುಂಬಾ ಸಂಧಿಗೆ ಒಪ್ಪಿದ. ಪಾಲ್ಮಾರೆಸ್‌ನಲ್ಲೇ ಹುಟ್ಟಿದವರಿಗೆ ಬಿಡುಗಡೆ, ಆಮೇಲೆ ಓಡಿಬಂದವರನ್ನು ಧಣಿಗಳಿಗೆ ಒಪ್ಪಿಸುವುದು ಎಂಬ ಷರತ್ತು. ಯುವ ಮುಖಂಡ ಜುಂಬಿ ಅದನ್ನು ತಳ್ಳಿಹಾಕಿದ. ನಿನ್ನೆ ಬಂದವನನ್ನು ಕೊಟ್ಟು ತಾನು ಬದುಕುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. 1694ರ ಫೆಬ್ರುವರಿಯಲ್ಲಿ, ವಾರಗಳ ಮುತ್ತಿಗೆಯ ನಂತರ, ದೊಮಿಂಗೋಸ್ ಜೋರ್ಜಿ ವೆಲ್ಯುನ ದಂಡು ಫಿರಂಗಿ ಎಳೆತಂದು ರಾಜಧಾನಿ ಮಕಾಕೊವನ್ನು ಒಡೆಯಿತು. ಆ ದಂಡಿಗೆ ಕೂಲಿಯಾಗಿ ಮಾತುಕೊಟ್ಟಿದ್ದರಲ್ಲಿ ಪಾಲ್ಮಾರೆಸ್‌ನ ಜಮೀನೂ ಸೇರಿತ್ತು. ಜುಂಬಿಯನ್ನು 1695ರ ನವೆಂಬರ್ 20ರಂದು ಕೊಂದು, ತಲೆಯನ್ನು ರೆಸಿಫೆ ಪಟ್ಟಣದಲ್ಲಿ ಎಲ್ಲರೂ ನೋಡುವಂತೆ ನೆಟ್ಟರು.

ಫ್ಲಾರಿಡಾ 1821ರಲ್ಲಿ ಅಮೆರಿಕದ ಕೈಸೇರಿತು. 1835ರ ಕೊನೆಯಲ್ಲಿ ಎರಡನೇ ಸೆಮಿನೋಲ್ ಯುದ್ಧ ಹೊತ್ತಿಕೊಂಡಾಗ ಸೇಂಟ್ ಜಾನ್ಸ್ ನದಿಯ ಬಳಿಯ ಕಬ್ಬಿನ ತೋಟಗಳಿಂದ ನೂರಾರು ಗುಲಾಮರು ಎದ್ದು ಸೆಮಿನೋಲರ ಜೊತೆ ಸೇರಿದರು. 1836ರ ವಸಂತದಲ್ಲಿ ಜನರಲ್ ಯೂಸ್ಟಿಸ್‌ನ ಪಡೆ ಪಿಲಕ್ಲಿಕಾಹಕ್ಕೆ ಬೆಂಕಿಯಿಟ್ಟಿತು. ಆ ಊರು ಉರಿಯುವುದನ್ನು ಅಚ್ಚಿನ ಚಿತ್ರ ಮಾಡಿ ಮಾರಿದರು. ಅದರ ಪ್ರತಿ ಇಂದಿಗೂ ಇದೆ. ಯುದ್ಧ ಏಳು ವರ್ಷ ಎಳೆಯಿತು. ಅಮೆರಿಕದ ಸುಮಾರು 1,500 ಸೈನಿಕರು ಸತ್ತರು, ಹೆಚ್ಚಿನವರು ಜ್ವರದಿಂದ. ಶರಣಾದವರಿಗೆ ಬಿಡುಗಡೆಯ ಮಾತುಕೊಟ್ಟು, ಕಪ್ಪು ಜನರನ್ನೂ ಸೆಮಿನೋಲರನ್ನೂ ಪಶ್ಚಿಮಕ್ಕೆ, ಈಗಿನ ಓಕ್ಲಹೋಮಾಕ್ಕೆ ಸಾಗಿಸಿದರು.

ಅಲ್ಲಿಯೂ ಗುಲಾಮರನ್ನು ಹಿಡಿಯುವವರ ಕಾಟ ತಪ್ಪಲಿಲ್ಲ. ಕೊಟ್ಟ ಮಾತಿನ ಮೇಲೆ ನಂಬಿಕೆ ಕಳೆದುಕೊಂಡ ಜಾನ್ ಹಾರ್ಸ್ ಎಂಬ ಮುಖಂಡ 1849ರಲ್ಲಿ ತನ್ನವರನ್ನು ಕರೆದುಕೊಂಡು ಟೆಕ್ಸಾಸಿನ ಬಯಲು ಹಾದು ಮೆಕ್ಸಿಕೊದತ್ತ ನಡೆದ. ಗುಲಾಮಗಿರಿ ಇಲ್ಲದ ದೇಶ. ಕೊಅವಿಲಾ ಪ್ರಾಂತ್ಯದ ನಾಸಿಮಿಯೆಂತೊದಲ್ಲಿ ಅವರಿಗೆ ಜಮೀನು ಸಿಕ್ಕಿತು. ಗಡಿ ಕಾಯುವುದು ಅದಕ್ಕೆ ತೆತ್ತ ಬೆಲೆ. ಅವರ ಮೊಮ್ಮಕ್ಕಳು ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ. ಕೆಲವರನ್ನು ಅಮೆರಿಕದ ಸೈನ್ಯ 1870ರಿಂದ ದಾರಿ ಶೋಧಿಸುವ ಪಡೆಯಾಗಿ ಟೆಕ್ಸಾಸಿಗೆ ಮರಳಿ ಕರೆಸಿಕೊಂಡಿತು. ನಾಲ್ವರಿಗೆ ಅತ್ಯುನ್ನತ ಶೌರ್ಯ ಪದಕ ಬಂತು, ಭರವಸೆಯಿಟ್ಟು ಕಾದ ಜಮೀನು ಬರಲಿಲ್ಲ. 1914ರಲ್ಲಿ ಪಡೆಯನ್ನು ವಿಸರ್ಜಿಸಿ, ಕ್ಲಾರ್ಕ್ ಕೋಟೆಯ ಹೊಳೆದಂಡೆಯಲ್ಲಿದ್ದ ಅವರ ಕುಟುಂಬಗಳನ್ನು ಎಬ್ಬಿಸಿದರು. ಹತ್ತಿರದ ಬ್ರಾಕೆಟ್‌ವಿಲ್ ಪಟ್ಟಣದಲ್ಲಿ ಅವರ ಸ್ಮಶಾನವಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಊರೂರಿನಿಂದ ಬಂಧುಗಳು ಅಲ್ಲಿ ಸೇರುತ್ತಾರೆ. ಮರದ ಎತ್ತರದ ಒರಳಲ್ಲಿ ಒನಕೆಯಿಂದ ಜೋಳ ಕುಟ್ಟಿ ಮಾಡುವ ಸಾಫ್ಕಿ ಎಂಬ ಗಂಜಿ ಆ ಮನೆತನಗಳ ಹಳೆಯ ಊಟ.

ಇಂದಿನ ಲೆಕ್ಕ ನೋಡೋಣ. ಫ್ಲಾರಿಡಾದ ಜೌಗಿನಲ್ಲಿ ಕೊನೆಯವರೆಗೂ ಸೋಲೊಪ್ಪದೆ ಉಳಿದ ಕೆಲವು ನೂರು ಸೆಮಿನೋಲರ ಸಂತತಿ 1979ರಲ್ಲಿ ದೊಡ್ಡ ಮೊತ್ತದ ಬಿಂಗೊ ಆಟದ ಮನೆ ತೆರೆದು, ನ್ಯಾಯಾಲಯದಲ್ಲಿ ತಮ್ಮ ಹಕ್ಕು ಗೆದ್ದುಕೊಂಡಿತು. 2007ರಲ್ಲಿ ಅವರು ಹಾರ್ಡ್ ರಾಕ್ ಕಂಪನಿಯನ್ನೇ 96.5 ಕೋಟಿ ಡಾಲರಿಗೆ ಕೊಂಡರು. 2019ರಲ್ಲಿ ಹಾಲಿವುಡ್ ಎಂಬ ಫ್ಲಾರಿಡಾದ ಊರಿನಲ್ಲಿ ಗಿಟಾರಿನ ಆಕಾರದ, 450 ಅಡಿ ಎತ್ತರದ ಹೋಟೆಲು ಎದ್ದಿತು. ಅದು ಅವರ ಛಲದ ಗಳಿಕೆ, ಅದನ್ನು ಯಾರೂ ಕಡಿಮೆ ಮಾಡಿ ಹೇಳಬೇಕಿಲ್ಲ. ಓಕ್ಲಹೋಮಾದ ಸೆಮಿನೋಲ್ ರಾಷ್ಟ್ರದಲ್ಲಿ 14 ಬಣಗಳಿವೆ. ಅವುಗಳಲ್ಲಿ ಎರಡು ಕಪ್ಪು ಸೆಮಿನೋಲರ ಬಣ. 1866ರ ಒಪ್ಪಂದ ಅವರಿಗೆ ಸಮಾನ ಸದಸ್ಯತ್ವ ಕೊಟ್ಟಿತ್ತು. ಆದರೆ ಕಸಿದುಕೊಂಡ ಫ್ಲಾರಿಡಾ ನೆಲಕ್ಕೆ ಸರ್ಕಾರ 1976ರಲ್ಲಿ 1.6 ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡು, ಮುಂದೆ ಅದು ಬಡ್ಡಿ ಸೇರಿ ಹಂಚಿಕೆಗೆ ಬಂದಾಗ, 1823ರಲ್ಲಿ ನೀವು ಆ ನೆಲದ ಒಡೆಯರಾಗಿರಲಿಲ್ಲ ಎಂದು ಕಪ್ಪು ಸೆಮಿನೋಲರನ್ನು ಹೊರಗಿಟ್ಟರು. ಪಿಲಕ್ಲಿಕಾಹದ ಹೊಲ ಉತ್ತವರ ಮಕ್ಕಳಿಗೆ ಸಿಕ್ಕ ಉತ್ತರ ಇದು. ಬುಡಕಟ್ಟು ಜನರ ಸರ್ಕಾರಿ ಆರೋಗ್ಯ ಸೇವೆಗೆ ಅವರೂ ಅರ್ಹರೆಂಬ ಮಾತು ಬಂದದ್ದು 2021ರಲ್ಲಿ, ಕೋವಿಡ್ ಲಸಿಕೆ ನಿರಾಕರಣೆಯ ವಿವಾದ ಎದ್ದ ಮೇಲೆ.

ಬ್ರೆಜಿಲಿನಲ್ಲಿ ಇಂಥ ಊರುಗಳನ್ನು ಕಿಲೊಂಬೊ ಎನ್ನುತ್ತಾರೆ. ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಕಿಲೊಂಬೊ ಜನರಿಗೆ ಅವರು ವಾಸಿಸುವ ನೆಲ ಅವರದೇ ಎಂದು ಸಂವಿಧಾನ ಬರೆದದ್ದು ಸರಿಯಾಗಿ ನೂರು ವರ್ಷದ ಮೇಲೆ, 1988ರಲ್ಲಿ. 2022ರ ಜನಗಣತಿ ಅವರನ್ನು ಮೊದಲ ಬಾರಿ ಪ್ರತ್ಯೇಕವಾಗಿ ಎಣಿಸಿತು. 13 ಲಕ್ಷಕ್ಕೂ ಹೆಚ್ಚು ಜನ. ಹಕ್ಕುಪತ್ರವಾದ ನೆಲದಲ್ಲಿ ವಾಸಿಸುವವರು ನೂರಕ್ಕೆ ಐದೂ ಇಲ್ಲ.

ಸೆರ್ರಾ ದ ಬಾರ್ರಿಗಾದ ಬುಡದಲ್ಲೇ ಮುಕೆಮ್ ಎಂಬ ಕಿಲೊಂಬೊ ಇದೆ. ಮುಂದಾಉ ನದಿಯ ದಡ; ಮಣ್ಣು ಮಿದ್ದು ಮಡಕೆ ಮಾಡುವ ಹೆಂಗಸರ ಊರು. ಅಲ್ಲಿನ ಇರಿನೆಯಾ ಎಂಬ ಕುಂಬಾರ ಕಲಾವಿದೆಯ ಕೈಯಲ್ಲಿ ಮೂಡಿದ ಮಣ್ಣಿನ ತಲೆಗಳು ದೇಶದಲ್ಲೆಲ್ಲ ಹೆಸರಾಗಿವೆ. 2010ರಲ್ಲಿ ನದಿ ಉಕ್ಕಿ ಊರಿಗೆ ನುಗ್ಗಿದಾಗ ಹಲವರು ಹಲಸಿನ ಮರ ಹತ್ತಿ ಜೀವ ಉಳಿಸಿಕೊಂಡರು. ಆಕೆ ಅದನ್ನು ಮಣ್ಣಿನಲ್ಲಿ ಮಾಡಿದಳು: ಒಂದು ಮರ, ಕೊಂಬೆಕೊಂಬೆಗೂ ತಬ್ಬಿ ಕೂತ ಜನ. ಆ ಹಲಸು ನಮ್ಮ ಕಡೆಯದು. 17ನೇ ಶತಮಾನದಲ್ಲಿ ಪೋರ್ಚುಗೀಸರು ಭಾರತದಿಂದ ಒಯ್ದು ಬ್ರೆಜಿಲಿನಲ್ಲಿ ನೆಟ್ಟದ್ದು. ಅದೇ ಪೋರ್ಚುಗೀಸರು ಆಫ್ರಿಕದವರನ್ನು ಗೋವೆಗೂ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿ ಯಲ್ಲಾಪುರ, ಹಳಿಯಾಳ, ಅಂಕೋಲಾದ ನಮ್ಮ ಸಿದ್ದಿಗಳಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಲ್ಲಿ. ಪಾಲ್ಮಾರೆಸ್‌ನ ಕಥೆ ಓದುವ ಕನ್ನಡಿಗರು ಅವರನ್ನು ನೆನೆಯದೆ ಇರಲಾಗದು.

ಮತ್ತೆ ಬ್ರೆಜಿಲಿನ ನೆಲದ ಹಕ್ಕಿನ ಮಾತಿಗೆ ಬಂದರೆ, ಅದರ ಉತ್ತರ ಕರಾವಳಿಯ ಮರನ್ಯಾಂವ್ ರಾಜ್ಯದ ಅಲ್ಕಾಂತರಾದಲ್ಲಿ 1980ರ ದಶಕದಲ್ಲಿ ರಾಕೆಟ್ ಹಾರಿಸುವ ನೆಲೆಗಾಗಿ 312 ಕಿಲೊಂಬೊ ಕುಟುಂಬಗಳನ್ನು ಕಡಲಂಚಿನಿಂದ ಎಬ್ಬಿಸಿ ಒಳನಾಡಿನ ಬಡಾವಣೆಗಳಿಗೆ ಕಳಿಸಿದರು. ಮೀನು ಹಿಡಿದು ಬದುಕುತ್ತಿದ್ದವರಿಗೆ ಸಮುದ್ರ ದೂರವಾಯಿತು. ಕೊಟ್ಟ ಜಮೀನು ಅವರ ಬೇಸಾಯಕ್ಕೆ ಸಾಲಲಿಲ್ಲ. 2023ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದ ಎದುರು ಬ್ರೆಜಿಲ್ ಸರ್ಕಾರ ಕ್ಷಮೆ ಕೇಳಿತು. 2025ರ ಮಾರ್ಚಿನಲ್ಲಿ ಆ ನ್ಯಾಯಾಲಯದ ತೀರ್ಪು ಹೊರಬಿತ್ತು: ಸರ್ಕಾರ ಆ ಜನರ ನೆಲದ ಹಕ್ಕನ್ನು ಮುರಿದಿದೆ, ಊರೆಲ್ಲ ಸೇರಿ ಅನುಭವಿಸುವಂತೆ ಸಾಮೂಹಿಕ ಹಕ್ಕುಪತ್ರ ಬರೆದುಕೊಡಬೇಕು.